ತೋಟಾದ ಹೆಸರು, ಬಂದೂಕಿನ ಅಳತೆ: ಹೊಂದಾಣಿಕೆಯನ್ನು ಅರಿಯುವ ಬಗೆ

ವ್ಯಾಪಾರದಲ್ಲಿ ಸರಕಿನ ಹೆಸರು ಕರಾರಿಗೆ ಸಮಾನ. ಗ್ರಾಹಕನು ಕೇಳಿದ ಹೆಸರಿಗೂ ವರ್ತಕನು ಕೊಟ್ಟ ವಸ್ತುವಿಗೂ ವ್ಯತ್ಯಾಸ ಬಂದಲ್ಲಿ ಸಾಮಾನ್ಯವಾಗಿ ಉಂಟಾಗುವುದು ಹಣದ ನಷ್ಟ ಮಾತ್ರ. ಸರಕನ್ನು ಹಿಂದಿರುಗಿಸಿ, ಬಿಲ್ಲನ್ನು ತಿದ್ದಿ ಅದನ್ನು ಸರಿಪಡಿಸಿಕೊಳ್ಳಬಹುದು. ಆದರೆ ಕೆಲವೇ ಸರಕುಗಳ ವಿಷಯದಲ್ಲಿ ಇಂಥ ವ್ಯತ್ಯಾಸವು ಬಳಸುವವನ ಬೆರಳನ್ನೋ ಕಣ್ಣನ್ನೋ ಬಲಿ ತೆಗೆದುಕೊಳ್ಳುತ್ತದೆ. ಬಂದೂಕಿನ ತೋಟಾ ಅಂಥ ಸರಕುಗಳಲ್ಲಿ ಒಂದು.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ನಾಗರಹೊಳೆ ಅರಣ್ಯದ ಅಂಚಿನಲ್ಲಿವೆ. ಕೃಷ್ಣರಾಜನಗರದ ಕಡೆಗೆ ಬಂದರೆ ಮಿರ್ಲೆಯ ಸುತ್ತಮುತ್ತ ಭತ್ತದ ಬಯಲು. ಈ ಪ್ರದೇಶದ ಹಲವು ರೈತ ಕುಟುಂಬಗಳು ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದ ಬಂದೂಕುಗಳನ್ನು ಇಟ್ಟುಕೊಂಡು ಬಂದಿವೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ನಡೆದು ಬಂದಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳ ಅವಧಿಗೆ ವಿಸ್ತರಿಸಿದೆ. ಹೀಗಾಗಿ ಈ ಭಾಗದಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಜೋಡು ನಳಿಗೆಯ ಬಂದೂಕಿನಿಂದ ಹಿಡಿದು ಸರ್ಕಾರಿ ಕಾರ್ಖಾನೆಯ ಇತ್ತೀಚಿನ ರಿವಾಲ್ವರಿನವರೆಗೆ ಬಗೆಬಗೆಯ ಆಯುಧಗಳು ಬಳಕೆಯಲ್ಲಿವೆ. ಆದರೆ ಅಂಗಡಿಯಲ್ಲಿ ಕೇಳಿಬರುವ ಮಾತು ಮಾತ್ರ ಬಹಳ ಚಿಕ್ಕದು: "ಹನ್ನೆರಡರ ತೋಟಾ ಒಂದು ಪೆಟ್ಟಿಗೆ ಕೊಡಿ", "ಮೂವತ್ತೆರಡರದ್ದು ಇದೆಯೇ?" ಈ ಚಿಕ್ಕ ಮಾತಿನಲ್ಲಿ ಏನು ಬಿಟ್ಟುಹೋಗಿದೆ ಎಂಬುದನ್ನು ವರ್ತಕರೂ ಪರವಾನಗಿದಾರರೂ ತಿಳಿಯುವುದು ಅವಶ್ಯಕ.

ತೋಟಾದ ಭಾಗಗಳು

ಹಿಂದಿನ ಕೇಪಿನ ಕೋವಿಯಲ್ಲಿ ಮದ್ದು, ಚರೆ, ಕೇಪು ಇವುಗಳನ್ನು ಬೇರೆ ಬೇರೆಯಾಗಿ ತುಂಬಬೇಕಿತ್ತು. ಪರವಾನಗಿಯಲ್ಲಿ ಇಂಥ ಕೋವಿಯನ್ನು ಎಸ್.ಬಿ.ಎಂ.ಎಲ್. ಎಂದು ನಮೂದಿಸುತ್ತಾರೆ. ತೋಟಾವೆಂದರೆ ಈ ಎಲ್ಲವನ್ನೂ ಒಂದೇ ಕವಚದಲ್ಲಿ ಸೇರಿಸಿದ ಸಿದ್ಧ ವಸ್ತು. ಹಿಂಬದಿಯಲ್ಲಿ ಕೇಪು, ಅದರ ಮುಂದೆ ಮದ್ದು, ತುದಿಯಲ್ಲಿ ಗುಂಡು ಅಥವಾ ಚರೆ ಇರುತ್ತವೆ. ಹಿಂಬದಿಯಿಂದ ತೋಟಾ ತುಂಬುವ ಬಂದೂಕುಗಳಲ್ಲಿ ಒಂಟಿ ನಳಿಗೆಯದು ಎಸ್.ಬಿ.ಬಿ.ಎಲ್., ಜೋಡು ನಳಿಗೆಯದು ಡಿ.ಬಿ.ಬಿ.ಎಲ್.

ತೋಟಾ ಕುಳಿತುಕೊಳ್ಳುವ ನಳಿಗೆಯ ಹಿಂಭಾಗದ ಗೂಡಿಗೆ ಚೇಂಬರ್ ಎಂದು ಹೆಸರು. ಹೊಂದಾಣಿಕೆ ಎಂಬುದು ಮೂರು ಸಂಗತಿಗಳ ಕೂಟ. ತೋಟಾದ ದಪ್ಪ ನಳಿಗೆಗೆ ಸರಿಯಾಗಬೇಕು. ಅದರ ಉದ್ದ ಮತ್ತು ಆಕಾರ ಚೇಂಬರಿಗೆ ಸರಿಯಾಗಬೇಕು. ಮದ್ದು ಉರಿದಾಗ ಹುಟ್ಟುವ ಒತ್ತಡವನ್ನು ಆ ಬಂದೂಕು ತಾಳಬೇಕು. ಇವುಗಳಲ್ಲಿ ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಅರ್ಧ ಮಾತ್ರ ಕಾಣುತ್ತದೆ, ಮೂರನೆಯದು ಕಾಣುವುದೇ ಇಲ್ಲ. ಆದುದರಿಂದ "ಒಳಗೆ ಹೋಯಿತು, ಆದ್ದರಿಂದ ಸರಿಯಾಗಿದೆ" ಎಂಬ ತೀರ್ಮಾನವು ಎಲ್ಲ ಅಪಾಯಗಳಿಗೂ ಮೂಲ.

ಬೋರ್ ಎಂಬ ಹಳೆಯ ಲೆಕ್ಕ

12 ಬೋರ್ ಎಂದರೆ 12 ಮಿಲಿಮೀಟರ್ ಅಲ್ಲ. ಒಂದು ಪೌಂಡ್ ಸೀಸದಿಂದ ಸಮನಾದ 12 ಗೋಲಿಗಳನ್ನು ಎರಕ ಹೊಯ್ದರೆ ಒಂದು ಗೋಲಿಯ ವ್ಯಾಸ ಎಷ್ಟಾಗುವುದೋ ಅಷ್ಟು ಅಗಲದ ನಳಿಗೆ ಎಂಬುದು ಇದರ ಅರ್ಥ. ಪೌಂಡಿಗೆ 453.6 ಗ್ರಾಂ, ಹನ್ನೆರಡರಲ್ಲಿ ಒಂದು ಭಾಗವೆಂದರೆ 37.8 ಗ್ರಾಂ. ಅಷ್ಟು ತೂಕದ ಸೀಸದ ಗೋಲಿಯ ವ್ಯಾಸ 18.5 ಮಿ.ಮೀ. ಇದೇ ಲೆಕ್ಕದಲ್ಲಿ 16 ಬೋರ್ 16.8 ಮಿ.ಮೀ., 20 ಬೋರ್ 15.6 ಮಿ.ಮೀ. ಆಗುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುತ್ತದೆ.

ಜವಳಿ ವರ್ತಕರಿಗೆ ಇದು ಹೊಸ ವಿಷಯವಲ್ಲ. ಹತ್ತಿಯ ನೂಲಿನ ನಂಬರೂ ಪೌಂಡಿನ ಲೆಕ್ಕವೇ. 60ನೇ ನಂಬರಿನ ನೂಲು 40ನೇ ನಂಬರಿನದಕ್ಕಿಂತ ಸಣ್ಣದು. ವಿದ್ಯುತ್ ಸಾಮಗ್ರಿ ಮಾರುವವರಿಗೂ ತಂತಿಯ ಗೇಜು ಏರಿದಂತೆ ತಂತಿ ತೆಳುವಾಗುವುದು ಗೊತ್ತೇ ಇದೆ.

ಈ ಪದ್ಧತಿಗೆ ಒಂದು ಅಪವಾದವಿದೆ. .410 ಬೋರ್ ಎಂಬುದು ಗೋಲಿಗಳ ಲೆಕ್ಕವಲ್ಲ. ಇಂಚಿನಲ್ಲಿ ಹೇಳಿದ ನೇರ ವ್ಯಾಸ, ಅಂದರೆ 10.4 ಮಿ.ಮೀ. ಇದರಲ್ಲಿಯೂ ಒಂದು ತೊಡಕುಂಟು. ನಮ್ಮ ದೇಶದಲ್ಲಿ ಪೊಲೀಸರ ಬಳಕೆಗೆಂದು .303 ರೈಫಲನ್ನು ಮಾರ್ಪಡಿಸಿ .410 ಮಸ್ಕೆಟ್ ತಯಾರಿಸಲಾಗಿತ್ತು. ಅದರ ತೋಟಾ .303ರ ಕವಚವನ್ನು ಆಧರಿಸಿದ್ದು, ಸಾಮಾನ್ಯ.410 ಚರೆ ತೋಟಾಕ್ಕೂ ಅದಕ್ಕೂ ಸಂಖ್ಯೆಯೊಂದನ್ನು ಬಿಟ್ಟರೆ ಹೋಲಿಕೆ ಇಲ್ಲ.

ಉದ್ದದ ಪ್ರಶ್ನೆ

12 ಬೋರಿನಲ್ಲಿ ಸಾಮಾನ್ಯವಾಗಿ ಮೂರು ಉದ್ದಗಳಿವೆ: 65 ಮಿ.ಮೀ. ಅಂದರೆ ಎರಡೂವರೆ ಇಂಚು, 70 ಮಿ.ಮೀ. ಅಂದರೆ ಎರಡೂ ಮುಕ್ಕಾಲು ಇಂಚು, ಮತ್ತು 76 ಮಿ.ಮೀ. ಅಂದರೆ ಮೂರು ಇಂಚು. ಇಲ್ಲಿ ಅತ್ಯಂತ ಮುಖ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಪೆಟ್ಟಿಗೆಯ ಮೇಲೆ ಮುದ್ರಿಸಿದ ಉದ್ದವು ಹೊಸ ತೋಟಾದ ಉದ್ದವಲ್ಲ. ಈಡು ಹಾರಿದ ನಂತರ ಬಾಯಿ ಬಿಚ್ಚಿಕೊಂಡ ಕವಚದ ಉದ್ದ. ಹೊಸ ತೋಟಾದಲ್ಲಿ ಚರೆ ಉದುರದಂತೆ ಕವಚದ ಬಾಯಿಯನ್ನು ಒಳಕ್ಕೆ ಮಡಿಚಿರುತ್ತಾರೆ. ಆ ಕಾರಣದಿಂದ 70 ಮಿ.ಮೀ. ತೋಟಾ ಕೈಯಲ್ಲಿ ಹಿಡಿದಾಗ 65 ಮಿ.ಮೀ.ಗಿಂತಲೂ ಗಿಡ್ಡವಾಗಿಯೇ ಕಾಣುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಮಿರ್ಲೆಯ ರೈತರೊಬ್ಬರಿಗೆ ತಾತನಿಂದ ಬಂದ ಹಳೆಯ ಇಂಗ್ಲಿಷ್ ಜೋಡು ನಳಿಗೆಯ ಬಂದೂಕಿದೆ. ಅದರ ಚೇಂಬರು 65 ಮಿ.ಮೀ. ಅವರು "12 ಬೋರ್" ಎಂದಷ್ಟೇ ಹೇಳಿ 70 ಮಿ.ಮೀ. ತೋಟಾ ಕೊಂಡರೆಂದು ಭಾವಿಸೋಣ. ತೋಟಾ ಸಲೀಸಾಗಿ ಒಳಗೆ ಕೂರುತ್ತದೆ, ಬಂದೂಕೂ ಮುಚ್ಚಿಕೊಳ್ಳುತ್ತದೆ. ಈಡು ಹಾರಿಸಿದಾಗ ಮಡಿಚಿದ ಬಾಯಿ ಬಿಚ್ಚಿಕೊಳ್ಳಲು ಚೇಂಬರಿನಲ್ಲಿ ಸ್ಥಳ ಸಾಲದು. ಅದು ಚೇಂಬರಿನ ಮುಂದೆ ನಳಿಗೆ ಕಿರಿದಾಗುವ ಭಾಗಕ್ಕೆ ಚಾಚಿಕೊಂಡು ಚರೆಯ ದಾರಿಯನ್ನು ಇಕ್ಕಟ್ಟಾಗಿಸುತ್ತದೆ. ಒಳಗಿನ ಒತ್ತಡ ಏರುತ್ತದೆ. ಮೊದಲ ಈಡಿನಲ್ಲಿ ಏನೂ ಆಗದಿರಬಹುದು, ಕೀಲು ಸಡಿಲವಾಗಬಹುದು, ದಿನಕಳೆದಂತೆ ನಳಿಗೆ ಉಬ್ಬಬಹುದು ಅಥವಾ ಸಿಡಿಯಬಹುದು. ಹೊಗೆ ಮದ್ದಿನ ಕಾಲದಲ್ಲಿ ಅದರ ಒತ್ತಡಕ್ಕೆಂದೇ ತಯಾರಾದ ನಳಿಗೆಗಳಿಗೆ ಇಂದಿನ ಹೊಗೆರಹಿತ ಮದ್ದಿನ ತೋಟಾ, ಉದ್ದ ಸರಿಯಿದ್ದರೂ, ತಕ್ಕದ್ದಲ್ಲ.

ಚೇಂಬರಿನ ಉದ್ದವನ್ನು ಬಹುತೇಕ ನಳಿಗೆಗಳ ಮೇಲೆ ಅಥವಾ ತಳಭಾಗದಲ್ಲಿ ಪರೀಕ್ಷಾ ಮುದ್ರೆಗಳ ಬಳಿ ಕೆತ್ತಿರುತ್ತಾರೆ. ಕೆತ್ತನೆ ಸವೆದಿದ್ದರೆ ಅಥವಾ ಇಲ್ಲದಿದ್ದರೆ ಪರವಾನಗಿ ಪಡೆದ ದುರಸ್ತಿಗಾರರಿಂದ ಅಳತೆ ಮಾಡಿಸುವುದೇ ಸರಿಯಾದ ಮಾರ್ಗ. ಸಂದೇಹವಿರುವವರೆಗೆ ಆ ಬಂದೂಕನ್ನು ಬಳಸದಿರುವುದು ಕ್ಷೇಮ. ಗಿಡ್ಡ ತೋಟಾವನ್ನು ಉದ್ದದ ಚೇಂಬರಿನಲ್ಲಿ ಬಳಸಬಹುದು. ಉದ್ದದ ತೋಟಾವನ್ನು ಗಿಡ್ಡ ಚೇಂಬರಿನಲ್ಲಿ ಬಳಸಕೂಡದು. ಆದರೆ ಈ ನಿಯಮ ಒಂದೇ ಬೋರಿನೊಳಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು.

ಬೋರು ಬದಲಾದಾಗ ಆಗುವ ಅನಾಹುತಕ್ಕೆ 20 ಬೋರ್ ತೋಟಾವೇ ಪ್ರಸಿದ್ಧ ನಿದರ್ಶನ. ಇದು 12 ಬೋರಿನ ಚೇಂಬರಿನೊಳಗೆ ಜಾರಿ ಮುಂದಿನ ಇಕ್ಕಟ್ಟಿನಲ್ಲಿ ಸಿಲುಕಿ ನಿಲ್ಲುತ್ತದೆ. ಹಿಂದಿನಿಂದ ನೋಡಿದರೆ ಚೇಂಬರು ಖಾಲಿ ಇದ್ದಂತೆ ತೋರುತ್ತದೆ. ತುಂಬಲು ಮರೆತೆನೆಂದು ಭಾವಿಸಿ ಬಳಕೆದಾರನು ಅದರ ಹಿಂದೆ 12 ಬೋರಿನ ತೋಟಾ ಹಾಕಿ ಈಡು ಹಾರಿಸಿದರೆ ನಳಿಗೆಯು ಎಡಗೈ ಹಿಡಿದ ಜಾಗದಲ್ಲಿಯೇ ಸಿಡಿಯುತ್ತದೆ. ಈ ಕಾರಣಕ್ಕಾಗಿಯೇ ಅನೇಕ ದೇಶಗಳ ತಯಾರಕರು 20 ಬೋರ್ ತೋಟಾಕ್ಕೆ ಹಳದಿ ಬಣ್ಣವನ್ನು ಮೀಸಲಿಟ್ಟಿದ್ದಾರೆ. ಎರಡೂ ಬೋರಿನ ತೋಟಾಗಳನ್ನು ಒಂದೇ ಚೀಲದಲ್ಲಿ ಅಥವಾ ಒಂದೇ ಕಪಾಟಿನ ಅರೆಯಲ್ಲಿ ಇಡಬಾರದು ಎಂಬ ನಿಯಮ ಮನೆಗೂ ಅಂಗಡಿಗೂ ಸಮಾನವಾಗಿ ಸಲ್ಲುತ್ತದೆ.

ಚರೆಯ ನಂಬರು

ತೋಟಾದ ಮೇಲೆ ಕಾಣುವ ಇನ್ನೊಂದು ಗುರುತು ಚರೆಯ ಗಾತ್ರದ್ದು. ಇದಕ್ಕೂ ಬೋರಿಗೂ ಸಂಬಂಧವಿಲ್ಲ. ನಮ್ಮಲ್ಲಿ ಬಳಕೆಯಲ್ಲಿರುವುದು ಬ್ರಿಟಿಷ್ ಪದ್ಧತಿ. ಅದರಂತೆ ಎಲ್.ಜಿ. ಚರೆಯ ವ್ಯಾಸ ಸುಮಾರು 9.1 ಮಿ.ಮೀ., ಎಸ್.ಜಿ. 8.4, ಎಸ್.ಎಸ್.ಜಿ. 6.8, ಎ.ಎ.ಎ. 5.2, ಬಿ.ಬಿ. 4.1, 4ನೇ ನಂಬರು 3.1, 6ನೇ ನಂಬರು 2.6 ಮಿ.ಮೀ. ಇಲ್ಲಿಯೂ ಸಂಖ್ಯೆ ಏರಿದಂತೆ ಚರೆ ಸಣ್ಣದಾಗುತ್ತದೆ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ 4ನೇ ನಂಬರಿನ ಚರೆ ಸುಮಾರು 3.3 ಮಿ.ಮೀ. ಆದರೆ, 4ನೇ ನಂಬರಿನ ಬಕ್‌ಶಾಟ್ ಸುಮಾರು 6.1 ಮಿ.ಮೀ. ಆಮದು ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಸ್ವದೇಶಿ ಸಂಖ್ಯೆಯೆಂದು ಓದಿಕೊಂಡರೆ ಸಣ್ಣ ಚರೆಯ ಬದಲು ದೂರದವರೆಗೆ ಪ್ರಾಣಾಪಾಯ ಉಂಟುಮಾಡುವ ದಪ್ಪ ಚರೆ ಕೈಗೆ ಬರಬಹುದು.

ಇಲ್ಲಿ ಕಾನೂನಿನ ಮಾತೊಂದನ್ನು ಸೇರಿಸುವುದು ಅಗತ್ಯ. ಬೆಳೆ ರಕ್ಷಣೆಯ ಪರವಾನಗಿಯು ಕಾಡುಪ್ರಾಣಿಯನ್ನು ಕೊಲ್ಲಲು ನೀಡಿದ ಅನುಮತಿಯಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಧಿಕೃತ ಆದೇಶವೇ ಬೇಕು. ಬೆದರಿಸಿ ಓಡಿಸುವ ಉದ್ದೇಶಕ್ಕೆ ಎಲ್.ಜಿ., ಎಸ್.ಜಿ. ತೋಟಾಗಳ ಅವಶ್ಯಕತೆ ಇಲ್ಲ. ಅಲ್ಲದೆ ಇದೇ ಕಾಯಿದೆಯ 34ನೇ ಕಲಮಿನಂತೆ ಅಭಯಾರಣ್ಯದ ಒಳಗೆ ಅಥವಾ ಅದರಿಂದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಈ ನಿಯಮ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ನಾಗರಹೊಳೆಯ ಅಂಚಿನ ಗ್ರಾಮಸ್ಥರು ಇದನ್ನು ಗಮನದಲ್ಲಿಡಬೇಕು.

ರೈಫಲು, ರಿವಾಲ್ವರು, ಪಿಸ್ತೂಲು

ಒಳಗೆ ತಿರುಪು ಗೆರೆಗಳಿರುವ ನಳಿಗೆಯ ಆಯುಧಗಳಲ್ಲಿ ಹೆಸರು ಸಾಮಾನ್ಯವಾಗಿ ಇಂಚಿನ ದಶಮಾಂಶದಲ್ಲಿ ಅಥವಾ ಮಿಲಿಮೀಟರಿನಲ್ಲಿ ಇರುತ್ತದೆ. ಆದರೆ ಅದು ಖಚಿತವಾದ ಅಳತೆಯೆಂದು ತಿಳಿಯುವುದು ತಪ್ಪು. .303 ತೋಟಾದ ಗುಂಡಿನ ನಿಜವಾದ ವ್ಯಾಸ ಸುಮಾರು .311 ಇಂಚು. .30-06 ಎಂಬ ಹೆಸರಿನಲ್ಲಿ .30 ಎಂಬುದು ನಳಿಗೆಯ ವ್ಯಾಸವಾದರೆ 06 ಎಂಬುದು 1906ನೇ ಇಸವಿ. .30-30 ಎಂಬಲ್ಲಿ ಎರಡನೆಯ ಸಂಖ್ಯೆ ಮೂಲತಃ ಮದ್ದಿನ ತೂಕವನ್ನು ಗ್ರೇನುಗಳಲ್ಲಿ ಹೇಳುತ್ತಿತ್ತು. ಹೀಗೆ ಒಂದೊಂದು ಹೆಸರಿಗೂ ಒಂದೊಂದು ಇತಿಹಾಸ. ಹೆಸರು ಗುರುತಿಗಾಗಿಯೇ ಹೊರತು ಲೆಕ್ಕಕ್ಕಾಗಿ ಅಲ್ಲ.

ಭಾರತದ .315 ರೈಫಲು ಇದಕ್ಕೆ ಉತ್ತಮ ಉದಾಹರಣೆ. ಬ್ರಿಟಿಷ್ ಆಡಳಿತದಲ್ಲಿ ಸೈನ್ಯದ .303 ತೋಟಾ ನಾಗರಿಕರ ಕೈಗೆ ಸಿಗಬಾರದೆಂಬ ನಿರ್ಬಂಧವಿದ್ದುದರಿಂದ 8×50 ಮಿ.ಮೀ. ಮ್ಯಾನ್ಲಿಕರ್ ತೋಟಾವನ್ನು ಆಧರಿಸಿದ .315 ಇಲ್ಲಿ ಬಳಕೆಗೆ ಬಂತು. ಇಶಾಪುರದ ರೈಫಲ್ ಕಾರ್ಖಾನೆಯು ಮುಂದೆ ಇದೇ ಅಳತೆಯ ಕ್ರೀಡಾ ರೈಫಲನ್ನು ತಯಾರಿಸಿತು. ವ್ಯವಹಾರದಲ್ಲಿ ಇದನ್ನು "8 ಎಂ.ಎಂ." ಎನ್ನುವ ರೂಢಿಯಿದೆ. ಆದರೆ ಜರ್ಮನ್ ಮೌಸರಿನ 8×57 ಕೂಡ 8 ಎಂ.ಎಂ. ಆಗಿದ್ದು, ಕವಚದ ಉದ್ದ, ಆಕಾರ, ಒತ್ತಡ ಎಲ್ಲವೂ ಬೇರೆ. ಬಿಲ್ಲಿನಲ್ಲಿ "8 ಎಂ.ಎಂ." ಎಂದು ಮಾತ್ರ ಬರೆಯುವುದು ಅಪೂರ್ಣ ನಮೂದು.

ಅತ್ಯಂತ ಹೆಚ್ಚು ಗೊಂದಲಕ್ಕೆ ಎಡೆಕೊಡುವುದು .32. ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆಯ .32 ರಿವಾಲ್ವರು, 2014ರಲ್ಲಿ ಬಿಡುಗಡೆಯಾದ ನಿರ್ಭೀಕ್ ಸೇರಿದಂತೆ, ಬಳಸುವುದು .32 ಸ್ಮಿತ್ ಅಂಡ್ ವೆಸನ್ ಲಾಂಗ್ ತೋಟಾ. ಅದರ ಕವಚ ಸುಮಾರು 23 ಮಿ.ಮೀ. ಉದ್ದವಿದ್ದು ಹಿಂಬದಿಯಲ್ಲಿ ಅಗಲವಾದ ಅಂಚಿದೆ. .32 ಪಿಸ್ತೂಲು ಬಳಸುವುದು .32 ಎ.ಸಿ.ಪಿ. ತೋಟಾ, ಅದರ ಕವಚ 17 ಮಿ.ಮೀ., ಅಂಚು ಕಿರಿದು. ಪರವಾನಗಿಯಲ್ಲಿ ಎರಡಕ್ಕೂ ".32 ಬೋರ್" ಎಂದೇ ಬರೆದಿರಬಹುದು. ರಿವಾಲ್ವರಿನ ತೋಟಾ ಪಿಸ್ತೂಲಿನ ಮ್ಯಾಗಜೀನಿನಲ್ಲಿ ಕೂರುವುದಿಲ್ಲ, ಆದ್ದರಿಂದ ಆ ತಪ್ಪು ಕೂಡಲೇ ಬಯಲಾಗುತ್ತದೆ. ಆದರೆ ಪಿಸ್ತೂಲಿನ ತೋಟಾ ರಿವಾಲ್ವರಿನಲ್ಲಿ ಕೂರುವ ಸಾಧ್ಯತೆಯುಂಟು. ಅಮೆರಿಕದ ತಯಾರಕರ ಮಾನದಂಡದಂತೆ .32 ಲಾಂಗ್ ತೋಟಾದ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್; .32 ಎ.ಸಿ.ಪಿ.ಯದು 20,500 ಪೌಂಡ್. ಗಿಡ್ಡವಾದ ತೋಟಾವೇ ಹೆಚ್ಚು ಒತ್ತಡದ್ದು ಎಂಬುದು ಇಲ್ಲಿ ಗಮನಾರ್ಹ. ಗಾತ್ರ ನೋಡಿ ಬಲ ಅಳೆಯುವಂತಿಲ್ಲ.

.30-06 ಮತ್ತು .308 ವಿಂಚೆಸ್ಟರ್ ತೋಟಾಗಳ ಗುಂಡಿನ ವ್ಯಾಸ ಒಂದೇ. ಕವಚದ ಉದ್ದ ಮಾತ್ರ ಕ್ರಮವಾಗಿ 63 ಮತ್ತು 51 ಮಿ.ಮೀ. ಒಂದರ ಬದಲು ಇನ್ನೊಂದನ್ನು ಬಳಸಕೂಡದು. ಎನ್.ಸಿ.ಸಿ. ತರಬೇತಿ ಪಡೆದವರಿಗೆ ಪರಿಚಿತವಾದ .22 ರೈಫಲಿನ ತೋಟಾದ ಪೂರ್ಣ ಹೆಸರು .22 ಲಾಂಗ್ ರೈಫಲ್; .22 ಮ್ಯಾಗ್ನಂ ಅದಕ್ಕಿಂತ ದಪ್ಪ ಕವಚದ, ಬೇರೆಯೇ ಆದ ತೋಟಾ.

ಪರವಾನಗಿ, ಬಿಲ್ಲು ಮತ್ತು ದಾಸ್ತಾನು ವಹಿ

1959ರ ಶಸ್ತ್ರ ಕಾಯಿದೆ ಹಾಗೂ 2016ರ ಶಸ್ತ್ರ ನಿಯಮಗಳ ಪ್ರಕಾರ ತೋಟಾ ಕೂಡ ಪರವಾನಗಿಗೆ ಒಳಪಟ್ಟ ವಸ್ತು. ಪರವಾನಗಿಯಲ್ಲಿ ಆಯುಧದ ವಿವರದೊಡನೆ ಒಂದು ಸಲಕ್ಕೆ ಇಟ್ಟುಕೊಳ್ಳಬಹುದಾದ ಮತ್ತು ವರ್ಷದಲ್ಲಿ ಕೊಳ್ಳಬಹುದಾದ ತೋಟಾಗಳ ಮಿತಿಯೂ ನಮೂದಾಗಿರುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಸಾಮಾನ್ಯವಾಗಿ ಎರಡು ಆಯುಧಗಳನ್ನು ಮಾತ್ರ ಹೊಂದಬಹುದು; ಪರವಾನಗಿಯ ಅವಧಿ ಐದು ವರ್ಷ. ಪರವಾನಗಿದಾರರು ನಿಧನರಾದಾಗ ಅವರ ಬಂದೂಕಿನಂತೆಯೇ ಪೆಟ್ಟಿಗೆಯಲ್ಲಿ ಉಳಿದ ತೋಟಾಗಳನ್ನೂ ಪೊಲೀಸ್ ಠಾಣೆಯಲ್ಲಿ ಅಥವಾ ಅಧಿಕೃತ ವರ್ತಕರಲ್ಲಿ ಠೇವಣಿ ಇಡಬೇಕು. ತೇವದಿಂದ ಉಬ್ಬಿದ ಹಳೆಯ ಕಾಗದದ ತೋಟಾಗಳನ್ನು ಮುಂದಿನ ಪೀಳಿಗೆಯವರು ಪ್ರಯೋಗಕ್ಕೆಂದು ಬಳಸುವುದು ಕಾನೂನಿಗೂ ವಿವೇಕಕ್ಕೂ ವಿರುದ್ಧ. ಹಾಗೆಯೇ ನೆರೆಯವರಿಂದ ಕಡ ತಂದ ತೋಟಾ ಹೊಂದಾಣಿಕೆಯ ಖಾತರಿಯನ್ನೂ ಪರವಾನಗಿಯ ಲೆಕ್ಕವನ್ನೂ ಒಟ್ಟಿಗೆ ಕೆಡಿಸುತ್ತದೆ.

ವರ್ತಕರ ಲೆಕ್ಕಪತ್ರಗಳ ದೃಷ್ಟಿಯಿಂದ ಇನ್ನೊಂದು ಅಂಶವಿದೆ. ಸರಕು ಸೇವಾ ತೆರಿಗೆಯ ವರ್ಗೀಕರಣದಲ್ಲಿ ಎಲ್ಲ ತೋಟಾಗಳೂ 9306 ಎಂಬ ಶೀರ್ಷಿಕೆಗೆ ಸೇರುತ್ತವೆ. ಆರು ಅಂಕಿಗಳಿಗೆ ಹೋದರೆ ಚರೆ ಬಂದೂಕಿನ ತೋಟಾ 930621, ಉಳಿದವು 930630. ಅಂದರೆ ತೆರಿಗೆಯ ಸಂಕೇತವು ರಿವಾಲ್ವರಿನ .32ನ್ನು ಪಿಸ್ತೂಲಿನ .32ರಿಂದ, 65 ಮಿ.ಮೀ. ತೋಟಾವನ್ನು 70 ಮಿ.ಮೀ. ತೋಟಾದಿಂದ ಬೇರ್ಪಡಿಸುವುದಿಲ್ಲ. ಆ ಕೆಲಸವನ್ನು ಬಿಲ್ಲಿನ ವಿವರವೇ ಮಾಡಬೇಕು.

ದಾಸ್ತಾನು ವಹಿಯಲ್ಲಿ ".32 ತೋಟಾ – 400" ಎಂದು ಒಂದೇ ಖಾತೆ ಇದೆಯೆಂದು ಇಟ್ಟುಕೊಳ್ಳೋಣ. ನಿಜದಲ್ಲಿ ರಿವಾಲ್ವರಿನವು 250, ಪಿಸ್ತೂಲಿನವು 150. ರಿವಾಲ್ವರಿನ ಗ್ರಾಹಕರೊಬ್ಬರಿಗೆ 50 ಪಿಸ್ತೂಲ್ ತೋಟಾ ಹೋದರೂ ಉಳಿದ 350 ಸರಿಯಾಗಿ ತಾಳೆಯಾಗುತ್ತದೆ. ತಾಳೆಪಟ್ಟಿಯ ಎರಡು ಬದಿ ಸಮನಾದರೂ ಒಳಗೆ ಸರಿದೂಗಿಸುವ ತಪ್ಪುಗಳು ಉಳಿಯಬಹುದೆಂಬುದು ವಾಣಿಜ್ಯದ ವಿದ್ಯಾರ್ಥಿಗಳಿಗೆ ಮೊದಲ ವರ್ಷದ ಪಾಠ. ಎರಡು ಪ್ರತ್ಯೇಕ ಖಾತೆಗಳಿದ್ದರೆ ಅದೇ ಸಂಜೆ ಒಂದರಲ್ಲಿ 50 ಕೊರತೆ, ಇನ್ನೊಂದರಲ್ಲಿ 50 ಹೆಚ್ಚುವರಿ ಕಂಡುಬಂದು, ಗ್ರಾಹಕರು ತೋಟಾ ತುಂಬುವ ಮೊದಲೇ ಅವರಿಗೆ ಸುದ್ದಿ ಮುಟ್ಟಿಸಬಹುದು. ಇಲ್ಲಿ ಲೆಕ್ಕದ ಶಿಸ್ತು ಎಂಬುದು ಪ್ರಾಣರಕ್ಷಣೆಯ ಶಿಸ್ತೂ ಹೌದು.

ತಾಳೆ ನೋಡಬೇಕಾದ ನಾಲ್ಕು ಕಡೆ

1. ನಳಿಗೆಯ ಮೇಲಿನ ಕೆತ್ತನೆ: ಬೋರ್ ಅಥವಾ ತೋಟಾದ ಪೂರ್ಣ ಹೆಸರು, ಮತ್ತು ಚರೆ ಬಂದೂಕಾದರೆ ಚೇಂಬರಿನ ಉದ್ದ.

2. ತೋಟಾದ ತಳದ ಮುದ್ರೆ: ಪುಣೆ ಬಳಿಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯ ತೋಟಾಗಳಲ್ಲಿ ಕೆ.ಎಫ್. ಎಂಬ ಗುರುತನ್ನು ಕಾಣಬಹುದು. ಈ ಕಾರ್ಖಾನೆ 2021ರ ಅಕ್ಟೋಬರ್ 1ರಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಕಂಪನಿಗೆ ಸೇರಿದೆ. ಹಳೆಯ ಪೆಟ್ಟಿಗೆಯ ಮೇಲೆ ಹಿಂದಿನ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯ ಹೆಸರಿದ್ದರೆ ಅದರಿಂದ ಸಂಶಯ ಪಡಬೇಕಿಲ್ಲ.

3. ಪೆಟ್ಟಿಗೆಯ ಚೀಟಿ: ಬೋರ್, ಉದ್ದ, ಚರೆಯ ಗಾತ್ರ ಮತ್ತು ತೂಕ. ತೋಟಾಗಳನ್ನು ಮೂಲ ಪೆಟ್ಟಿಗೆಯಲ್ಲಿಯೇ ಇಡಬೇಕು. ಬಿಡಿಯಾಗಿ ಡಬ್ಬಿಗೆ ಸುರಿದಿಟ್ಟರೆ ಈ ಸಾಕ್ಷ್ಯವೇ ಇಲ್ಲವಾಗುತ್ತದೆ.

4. ಪರವಾನಗಿಯ ನಮೂದು: ಆಯುಧದ ವಿವರ, ಸಂಖ್ಯೆ, ಮಿತಿ ಮತ್ತು ಅವಧಿ.

ಈ ನಾಲ್ಕೂ ಪೂರ್ಣ ಹೆಸರಿನಲ್ಲಿ ಒಂದಕ್ಕೊಂದು ಹೊಂದಿದಾಗ ಮಾತ್ರ ಮಾರಾಟ ಪೂರ್ಣವಾಗಬೇಕು. ಒಂದರಲ್ಲಿ ವ್ಯತ್ಯಾಸ ಕಂಡರೂ ಪೆಟ್ಟಿಗೆ ಕಪಾಟಿಗೆ ಹಿಂದಿರುಗಬೇಕು. "ಹೇಗೋ ಕೂರುತ್ತದೆ" ಎನ್ನುವ ಗ್ರಾಹಕನಿಗೆ ಇಲ್ಲವೆನ್ನುವುದರಿಂದ ಆ ದಿನದ ಒಂದು ವ್ಯಾಪಾರ ತಪ್ಪಬಹುದು. ಆದರೆ ಊರಿಗೆ ಹಿಂದಿರುಗಿ ರಾತ್ರಿ ಗದ್ದೆಯ ಬದುವಿನಲ್ಲಿ, ಕತ್ತಲಲ್ಲಿ, ಕೈಗೆ ಸಿಕ್ಕಿದ ತೋಟಾ ತುಂಬುವವನು ಆ ರೈತನೇ. ಅಲ್ಲಿ ಮುದ್ರೆ ಓದಲು ಬೆಳಕೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಓದುವ ಕೆಲಸ ಹಗಲಿನಲ್ಲಿ, ಅಂಗಡಿಯ ಮೇಜಿನ ಮೇಲೆಯೇ ಮುಗಿದಿರಬೇಕು.